ಕಂಟ್ರೋಲರ್ ಮಾಬುಸಾಬ ಗಾಳಿಗೆ ಬಿಟ್ಟ ದಿನ

ಮಾಬುಸಾಬ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವನು ಕಿವಿಯಿಂದಲೇ ಹೊತ್ತು ಹೇಳುತ್ತಿದ್ದ. ದೂರದ ತಿರುವಿನಲ್ಲಿ ಗಾಡಿ ಗೇರು ಬದಲಿಸಿದ ಸದ್ದು ಬಂದರೆ ಸಾಕು, ತಲೆ ಒಂದು ಕಡೆ ವಾಲಿಸಿ, "ಗುಡೂರ ಗಾಡಿ. ಆರು ನಿಮಿಷ ಲೇಟ್" ಎನ್ನುತ್ತಿದ್ದ. ಗುಡೂರ ಗಾಡಿಯೇ ಬರುತ್ತಿತ್ತು. ಆರು ನಿಮಿಷ ಲೇಟಾಗಿಯೇ ಬರುತ್ತಿತ್ತು.

ನನ್ನ ಗಂಡ ಸತ್ತ ದಿನ ಮನೆಗೆ ಬಂದವರೆಲ್ಲ ಶಿವನ ಇಚ್ಛೆ, ಹಣೆಬರಹ ಎಂದು ಏನೇನೋ ಅಂದರು. ಇವನು ಬಾಗಿಲಲ್ಲಿ ನಿಂತು, "ನಿನ್ನ ತಮ್ಮ ಹುನಗುಂದ ಗಾಡಿಯೊಳಗ ಬರಾಕ್ಹತ್ಯಾನ. ಹನ್ನೆರಡು ನಿಮಿಷ ತಡದು ಎತ್ರಿ" ಎಂದ. ಹೆಣ ಹೊರಲು ನಿಂತವರು ಗೊಣಗಿದರು. ಹನ್ನೆರಡು ನಿಮಿಷಕ್ಕೆ ತಮ್ಮ ಓಣಿಯ ತುದಿಯಲ್ಲಿ ಓಡಿ ಬರುತ್ತಿದ್ದ. ಅವತ್ತಿನಿಂದ ನಾನು ಈ ಮನುಷ್ಯನ ಮಾತು ನಂಬಿದೆ. ದೇವರ ಮಾತಿಗಿಂತ ಹೆಚ್ಚು ನಂಬಿದೆ ಅಂದರೂ ನಡೆದೀತು.

ಬಸ್‌ಸ್ಟ್ಯಾಂಡಿನ ಗೋಡೆಗೆ ಆತುಕೊಂಡು ನನ್ನ ತಗಡಿನ ಅಂಗಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಮುಂದೆ ಒಂದು ಬೆಂಚು. ಅವನು ಕೆಲಸದಲ್ಲಿದ್ದಾಗ ಚಹಾಕ್ಕೆಂದು ಅಲ್ಲಿ ಬಂದು ಕೂಡುತ್ತಿದ್ದ. ನಿವೃತ್ತಿಯಾದ ಮೇಲೆ ಅಲ್ಲಿಯೇ ಕೂತುಬಿಟ್ಟ. ಖಾಕಿ ಅಂಗಿ ಬಿಡಲಿಲ್ಲ. ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು, ಒಂದು ನೀಲಿ. ಹೆಂಡತಿ ತೀರಿದ್ದಳು. ಮಗಳನ್ನು ಬಾದಾಮಿಗೆ ಕೊಟ್ಟಿದ್ದ. ಹುಟ್ಟಿದ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಈಗ ಹಿನ್ನೀರಿನ ಕೆಳಗಿದೆ. ಅಣ್ಣತಮ್ಮಂದಿರು ನವನಗರಕ್ಕೆ ಹೋದರು, ಇವನು ಇಳಕಲ್ಲಿನ ಬಾಡಿಗೆ ಕೋಣೆಯಲ್ಲೇ ಉಳಿದ.

"ನಮ್ಮ ಅಡಗಿಮನಿ ಮ್ಯಾಲ ಈಗ ಮೀನ ಹಿಡಿಯೋ ದೋಣಿ ಹೊಕ್ಕಾವ ನೀಲವ್ವ" ಎನ್ನುತ್ತಿದ್ದ. "ಹೋಗ್ಲಿ. ಆದ್ರ ಅವಕ್ಕೊಂದು ಟೈಮ್ ಇಲ್ಲ, ಬೋರ್ಡ್ ಇಲ್ಲ. ಅದು ನನಗ ಸಿಟ್ಟು."

ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಅದನ್ನೂ ಮರೆತಿದ್ದೆ. ಬಸ್ಸಿನ ಬೋರ್ಡು ತೋರಿಸಿ ತೋರಿಸಿ ಅಕ್ಷರ ಮತ್ತೆ ಹಿಡಿಸಿದವನು ಅವನೇ. ಬಾದಾಮಿಯಿಂದ 'ಬಾ', ಗುಡೂರಿನಿಂದ 'ಗು', ಹುನಗುಂದದಿಂದ 'ಹು'. ತಪ್ಪಿದರೆ ಬಯ್ಯುತ್ತಿದ್ದ. "ಕಣ್ಣ ಅದಾವೋ, ಗುಂಡಿ ಅದಾವೋ? ಅದು ಕುಷ್ಟಗಿಬೇ! ಹಿಂಗಾದ್ರ ನೀ ಬಾದಾಮಿಗೆ ಹೊಂಟು ಕುಷ್ಟಗ್ಯಾಗ ಇಳೀತಿ." ಈಗ ಇಷ್ಟು ಬರೆಯುತ್ತಿದ್ದೇನೆ ಅಂದರೆ ಅದು ಆ ಬೋರ್ಡುಗಳ ಪುಣ್ಯ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗ್ರೀಸ್ ಅನ್ನೋ ದೇಶ ನಮ್ಮ ಬೆಂಚಿಗೆ ಬಂದದ್ದು ಹಲ್ಲಿನ ಡಾಕ್ಟರೊಬ್ಬರಿಂದ. ಹುಬ್ಬಳ್ಳಿ ಗಾಡಿಗೆ ಕಾಯುತ್ತ ಕೂತಿದ್ದರು. ಹೆಂಡತಿಯನ್ನು ಕರೆದುಕೊಂಡು ಅಲ್ಲಿನ ದ್ವೀಪಗಳಿಗೆ ಹೋಗಬೇಕಂತೆ. ಕೈಯಲ್ಲಿ ಹಡಗಿನ ಟೈಮಿನ ಹಾಳೆಗಳು, ಒಂದಕ್ಕೊಂದು ಕೂಡುವುದಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ಮಾಬುಸಾಬ ಹಾಳೆ ಇಸಿದುಕೊಂಡು ನೋಡಿದ. ಆ ದಿನ ಗುಡೂರ ಗಾಡಿ ಬಂದು ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಡಾಕ್ಟರ್ ಸಾಹೇಬ್ರ, ಇದು ನಮ್ಮ ಗಾಡಿಗಳ ಪಾಳಿ ಹಾಳಿ ಇದ್ದಂಗ ಐತಿ. ನಾಲ್ಕು ದಿನ ಕೊಡ್ರಿ."

ನಾಲ್ಕು ದಿನದಲ್ಲಿ ಕೂಡಿಸಿ ಕೊಟ್ಟ. ಸಮುದ್ರ ನೋಡದ ಮನುಷ್ಯ. ಡಾಕ್ಟರು ಹೋಗಿ ಬಂದು, ಎಲ್ಲವೂ ಅವನು ಬರೆದ ಹಾಗೇ ಆಯಿತು ಅಂತ ಊರ ತುಂಬ ಹೇಳಿದರು. ಅಲ್ಲಿಂದ ಶುರು. ಇಳಕಲ್ಲಿನಲ್ಲಿ ಹೊರದೇಶ ತಿರುಗುವವರು ಬಹಳ ಮಂದಿ ಇದ್ದಾರೆ, ಕಲ್ಲಿನ ವ್ಯಾಪಾರದವರು, ಸೀರೆ ವ್ಯಾಪಾರದವರು. ಕಾರು ನಿಲ್ಲಿಸಿ ನನ್ನ ಬೆಂಚಿಗೆ ಬಂದು ಕೂಡತೊಡಗಿದರು. ಅವನು ಹಳೇ ಕ್ಯಾಲೆಂಡರಿನ ಹಿಂದಿನ ಪುಟದಲ್ಲಿ ಗೀಟು ಹಾಕಿ, ದಿನಕ್ಕೊಂದು ಮನೆ ಮಾಡಿ, ಯಾವ ಹಡಗು ಎಷ್ಟಕ್ಕೆ ಬಿಡುತ್ತದೆ, ಎಲ್ಲಿ ಇಳಿಯಬೇಕು, ತಿರುಗಿ ಬರುವುದು ಎಷ್ಟಕ್ಕೆ, ಎಲ್ಲ ಬರೆದುಕೊಡುತ್ತಿದ್ದ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಕೇಳಿದ್ದು ಒಂದೇ: "ಹಡಗಿನ ಹರಿದ ಟಿಕೀಟು ಒಗೀಬ್ಯಾಡ್ರಿ. ನನಗ ತಂದು ಕೊಡ್ರಿ." ಆ ಟಿಕೀಟುಗಳನ್ನು ಕೋಣೆಯ ಗೋಡೆಗೆ ಗೋಂದಿನಿಂದ ಅಂಟಿಸಿದ್ದ. ಹಾಸಿಗೆಯ ಮೇಲೆ ಮಲಗಿದರೆ ಕಾಣುವ ಹಾಗೆ.

"ಬಿಡಾರ ಒಂದ ಕಡೆ ಹಾಕ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ದಿನಾ ಗಂಟು ಕಟಗೊಂಡು ದ್ವೀಪದಿಂದ ದ್ವೀಪಕ್ಕ ಅಲೀಬ್ಯಾಡ್ರಿ. ಪರೋಸ್ ಅಂತ ಐತಿ, ನಮ್ಮ ಸ್ಟ್ಯಾಂಡ್ ಇದ್ದಂಗ, ನಟ್ಟನಡುವ. ಅಲ್ಲಿ ಇರ್ರಿ. ಮುಂಜಾನಿ ಹೋಗ್ರಿ, ಸಂಜೀಕ ಬರ್ರಿ. ಮತ್ತ ಹೋಗೋ ಹಡಗು ಆಮ್ಯಾಲ ನೋಡ್ರಿ, ಬರೋ ಹಡಗು ಮೊದಲ ನೋಡ್ರಿ. ಕಡೇದ್ದು ತಪ್ಪಿತಂದ್ರ ಅಲ್ಲಿ ಯಾರ ಪಡಸಾಲ್ಯಾಗ ಮಲಗ್ತೀರಿ?"

ಸೀರೆಯವರಿಗೆ ಅವರ ಭಾಷೆಯಲ್ಲೇ ಹೇಳುತ್ತಿದ್ದ. ಇಳಕಲ್ ಸೀರೆಯಲ್ಲಿ ಒಡಲಿನ ನೂಲೇ ಬೇರೆ, ಸೆರಗಿನ ನೂಲೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತೇವೆ. "ಹಡಗಿಗೆ ಹಡಗು ಕೊಂಡಿ ಹಾಕಬೇಕ್ರಿ. ಒಂದ ಎಳಿ ತಪ್ಪಿದ್ರ ಸೆರಗ ಪೂರಾ ಕೈಗೆ ಬರತೈತಿ."

ಗಾಳಿಯ ವಿಷಯ ಅವನಿಗೆ ಹೊಳೆದದ್ದು ಹೇಗೆ ಅಂದರೆ, ಡಾಕ್ಟರು ಫೋನಿನಲ್ಲಿ ಪರೋಸಿನ ಫೋಟೋ ತೋರಿಸಿದ್ದರು. ಹಡಗಿನಿಂದ ಇಳಿದ ಕೂಡಲೇ ಎದುರಿಗೆ ಬಿಳೇ ಬಣ್ಣದ ಗುಂಡನೆಯ ಗಾಳಿಗಿರಣಿ. ಎಲ್ಲರೂ ಚಂದ ಐತಿ ಅಂದರು. ಇವನು, "ಗಿರಣಿ ಚಂದಕ್ಕಂತ ಕಟ್ಟಂಗಿಲ್ಲ. ಕಾಳು ಬೀಸೋ ಅಷ್ಟು ಗಾಳಿ ಇರಬೇಕು. ಅದು ಯಾವಾಗ ಬರತೈತಿ?" ಎಂದ. ಫೋನಿನಲ್ಲಿ ಹುಡುಕಿ ಹುಡುಕಿ ಕಂಡುಹಿಡಿದ. ನಮ್ಮ ಆಷಾಢ, ಶ್ರಾವಣದಲ್ಲಿ ಅಲ್ಲಿ ಉತ್ತರದ ಗಾಳಿ ಬೀಸುತ್ತದಂತೆ. ಜೋರಾದರೆ ಮೊದಲು ಸಣ್ಣ ಹಡಗು ನಿಲ್ಲಿಸುತ್ತಾರೆ, ಆಮೇಲೆ ದೊಡ್ಡವು. ಒಂದು ದಿನವೂ ಆಯಿತು, ಎರಡು ದಿನವೂ ಆಯಿತು.

ನಮ್ಮವರು ಹೋಗುವುದೇ ಆಷಾಢದಲ್ಲಿ. ಮದುವೆ ಇರುವುದಿಲ್ಲ, ಸೀರೆ ಅಂಗಡಿ ಖಾಲಿ, ಮಾಲಕರಿಗೆ ಬಿಡುವು. ಆಷಾಢದ ಗಾಳಿ ಅಂದರೆ ಇಲ್ಲಿ ಯಾರೂ ಅಂಜುವುದಿಲ್ಲ. ತಗಡು ಹಾರುತ್ತವೆ, ಸೀರೆ ಹಾರುತ್ತವೆ, ಅಷ್ಟೇ. ಗಾಳಿಗೆ ಬಸ್ಸು ನಿಂತದ್ದನ್ನು ನಾನು ಕಂಡಿಲ್ಲ. ಅದಕ್ಕೇ ಅವನು ಎಷ್ಟು ಹೇಳಿದರೂ ಆ ಮಾತು ಯಾರ ತಲೆಗೂ ಹೋಗುತ್ತಿರಲಿಲ್ಲ. ಅವನು ಮಾತ್ರ ಪ್ರತಿ ಹಾಳೆಯಲ್ಲೂ ವಿಮಾನದ ಹಿಂದಿನ ದಿನ ಒಂದು ಮನೆ ಖಾಲಿ ಬಿಡುತ್ತಿದ್ದ. ಆ ದಿನದ ಹೊತ್ತಿಗೆ ನೀರು ದಾಟಿ ಅಥೆನ್ಸ್ ಊರಿನಲ್ಲಿ ಸುಮ್ಮನೆ ಕೂತಿರಬೇಕು. "ಹೊಲದಾಗ ಹಕ್ಕಿಗೊಂದು ಸಾಲ ಬಿಡ್ತೀವಲ್ಲ, ಹಂಗ ಇದು ಗಾಳಿಗೆ ಬಿಟ್ಟ ದಿನ" ಎನ್ನುತ್ತಿದ್ದ.

ಈರಪ್ಪ ಸಾಹುಕಾರರದು ದೊಡ್ಡ ಸೀರೆ ಅಂಗಡಿ. ಊರಿನ ಎಷ್ಟೋ ಮನೆಗಳಿಗೆ ಅವರೇ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದರು. ನನ್ನ ಮಗಳು ಶಾಂತವ್ವನ ಮಗ್ಗವೂ ಅವರ ನೂಲಿನ ಮೇಲೆಯೇ ನಡೆಯುತ್ತಿತ್ತು. ಅವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಗ್ರೀಸಿಗೆ ಹೋಗುವುದು ಅಂತ ಆಯಿತು. ಹೊರಗಿನದು ಉಣ್ಣದ ಮಂದಿ. ರೊಟ್ಟಿ ಹಿಂಡಿ ಹೊತ್ತು, ಅನ್ನ ಬೇಯಿಸಿ ಹಾಕಲು ನಾನು. ಹಡಗು ಹತ್ತಿಸಿ ಇಳಿಸಲು ಮಾಬುಸಾಬ. ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದರು. ಅವನು ಅದನ್ನು ಎರಡು ಪೆನ್ನುಗಳ ನಡುವೆ ಇಟ್ಟುಕೊಂಡು ಓಡಾಡಿದ. ಹುಟ್ಟಿದಾಗಿನಿಂದ ಚಪ್ಪಲಿ ಹಾಕಿದವನು ಒಂದು ಜೋಡಿ ಕ್ಯಾನ್ವಾಸ್ ಬೂಟು ಕೊಂಡ. "ಹಡಗಿನ ಮೆಟ್ಟಲ ತೊಯ್ದಿರತಾವ, ಜಾರಬಾರದು" ಎಂದು ನನಗೂ ಕೊಳ್ಳಲು ಹೇಳಿದ. ನಾನು ಕೊಳ್ಳಲಿಲ್ಲ.

ನನಗೆ ಬೇರೆ ಹಾಳೆ ಮಾಡಿಕೊಟ್ಟ. ಅಲ್ಲಿನ ಬೋರ್ಡುಗಳ ಲಿಪಿಯೇ ಬೇರೆಯಂತೆ, ಅದಕ್ಕೆ ಅಕ್ಷರ ಇಲ್ಲ, ಬರೀ ಚಿತ್ರ. ಹತ್ತು ದಿನ, ಹತ್ತು ಮನೆ. ದೊಡ್ಡ ಹಡಗಿಗೆ ಎರಡು ಹೊಗೆಕೊಳವೆ, ಸಣ್ಣದಕ್ಕೆ ಒಂದು. ಪರೋಸಿಗೆ ಗಾಳಿಗಿರಣಿ. ಆ್ಯಂಟಿಪರೋಸ್ ಎಂಬಲ್ಲಿಗೆ ಗವಿ. ನಾಕ್ಸೋಸಿಗೆ ಒಂದು ಬಾಗಿಲ ಚೌಕಟ್ಟು; ಮನೆಯಿಲ್ಲದ ಬರೀ ಬಾಗಿಲು ಅಲ್ಲಿ ಸಮುದ್ರದ ದಂಡೆಗೆ ನಿಂತಿದೆಯಂತೆ. ಡೆಲೋಸಿಗೆ ಸಿಂಹ. ಸ್ಯಾಂಟೊರಿನಿಗೆ ಗುಡ್ಡ. ಪ್ರತಿ ಚಿತ್ರದ ಕೆಳಗೆ ಎಷ್ಟು ರೊಟ್ಟಿ ಕಟ್ಟಬೇಕು ಅಂತ ಗೀಟು. ಒಂಬತ್ತನೇ ಮನೆಯಲ್ಲಿ ಒಂದು ಖಾಲಿ ಹೊರಸು ಬರೆದಿದ್ದ.

"ಇದೇನು ಸಾಹೇಬ, ಯಾರರ ಸತ್ತಾರೇನು?" ಅಂದೆ.

"ಸಾಯಂಗಿಲ್ಲಬೇ. ಗಾಳಿಗೆ ಬಿಟ್ಟ ದಿನ. ಸುಮ್ಮನ ಕೂತು ರೊಟ್ಟಿ ತಿನ್ರಿ." ಆಮೇಲೆ ಸಿಂಹದ ಮೇಲೆ ಬೆರಳಿಟ್ಟು, "ಈ ಡೆಲೋಸಿನ್ಯಾಗ ಹಿಂದಕ ಯಾರೂ ಹುಟ್ಟಂಗಿಲ್ಲ, ಸಾಯಂಗಿಲ್ಲ ಅಂತ ಕಾಯ್ದೆ ಇತ್ತಂತ. ಈಗ್ಲೂ ರಾತ್ರಿ ಇರಾಕ ಬಿಡಂಗಿಲ್ಲ" ಎಂದ.

"ಹಂಗಾರ ಸಾಹುಕಾರನ್ನ ಅಲ್ಲಿ ಬಿಟ್ಟ ಬರೋದು ಬ್ಯಾಡ. ಸಾವ ಬರಂಗಿಲ್ಲ ಅವಗ."

ಅವನು ಕೆಮ್ಮು ಬರುವ ತನಕ ನಕ್ಕ. ಅವನು ಹಾಗೆ ನಕ್ಕದ್ದು ಅದೇ ಕೊನೆ.

ಹೊರಡುವುದಕ್ಕೆ ಕೆಲವು ವಾರ ಇತ್ತು. ಸಾಹುಕಾರರು ಇಬ್ಬರನ್ನೂ ಅಂಗಡಿಗೆ ಕರೆಸಿದರು. ಬಿಳೇ ಗಾದಿಯ ಮೇಲೆ ಅವರು, ಕೆಳಗೆ ಚಾಪೆಯ ಮೇಲೆ ನಾವು. ಹೆಂಡತಿಯ ತಮ್ಮನೂ ಬರುತ್ತಾನೆ, ಒಂದು ಜಾಗ ಕಡಿಮೆ ಬಿದ್ದಿದೆ ಎಂದರು. ಮುಖ ನೋಡದೆ, ಒಂದು ಸೀರೆಯ ಅಂಚು ಮುಟ್ಟಿ ನೋಡುತ್ತ ಹೇಳಿದರು: "ಸಾಹೇಬ, ತಪ್ಪ ತಿಳೀಬ್ಯಾಡ. ನಿನ್ನ ಟೈಮೆಲ್ಲ ಹಾಳ್ಯಾಗ ಐತಿ. ಹಾಳಿ ಕಿಸೆದಾಗ ಬರತೈತಿ. ರೊಟ್ಟಿ ಅನ್ನ ಮಾಡಾಕ ಮನಿಷಾರ ಬರಬೇಕು."

ಮಾಬುಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ. "ಬರೋಬ್ಬರಿ ಐತ್ರಿ" ಎಂದ. "ಕಂಟ್ರೋಲರ್ ಗಾಡಿ ಹತ್ತಂಗಿಲ್ಲ."

ನಾನು ಬರುವುದಿಲ್ಲ, ಅವನನ್ನು ಕರೆದೊಯ್ಯಿರಿ ಅಂತ ನಾನು ಅನ್ನಬಹುದಾಗಿತ್ತು. ಅನ್ನಲಿಲ್ಲ. ನನಗೂ ಸಮುದ್ರ ನೋಡಬೇಕಾಗಿತ್ತು.

ಅದೇ ಕೂತಲ್ಲಿ ಇನ್ನೊಂದು ಆಯಿತು. ಅವನು ಹೊರಡಲು ಬರೆದ ದಿನ ಮಣ್ಣೆತ್ತಿನ ಅಮಾವಾಸ್ಯೆ ಬಿದ್ದಿತ್ತು. ಅಮಾವಾಸ್ಯೆಗೆ ಅಂಗಡಿಪೂಜೆ ಬಿಟ್ಟು ಸಾಹುಕಾರರು ಊರ ಗಡಿ ದಾಟುವವರಲ್ಲ. ಮರುದಿನ ಹೊರಡುವುದು ಎಂದರು. ತಿರುಗಿ ಬರುವ ವಿಮಾನದ ಟಿಕೀಟು ಮಾತ್ರ ಆಗಿಬಿಟ್ಟಿತ್ತು, ಅದು ಮುಂದೆ ಹೋಗುವಂತಿಲ್ಲ. ಹತ್ತು ಮನೆ ಒಂಬತ್ತಾಗಬೇಕು.

"ಹಂಗಾರ ಸ್ಯಾಂಟೊರಿನಿ ಬಿಡ್ರಿ. ಅದು ದೂರ ಐತಿ" ಎಂದ ಮಾಬುಸಾಬ.

"ಅದನ್ನ ನೋಡಾಕಂತನ ಹೊಂಟೇವಿ. ಗವಿ ಬಿಡು, ಗವಿ ನಮ್ಮ ಬಾದಾಮ್ಯಾಗ ಬೇಕಾದಷ್ಟು ಅದಾವ."

"ಗವಿ ಅರ್ಧಾ ದಿನದ್ದು ಸಾಹುಕಾರ್ರ. ಅದನ್ನ ಬಿಟ್ರ ದಿನಾ ಉಳಿಯಂಗಿಲ್ಲ."

ಸಾಹುಕಾರರು ನನ್ನ ಕೈಯಲ್ಲಿದ್ದ ಚಿತ್ರದ ಹಾಳೆ ಎಳೆದುಕೊಂಡರು. ನೋಡಿ ನಕ್ಕರು. "ಇದೇನು, ಹೊರಸು? ದುಡ್ಡು ಕೊಟ್ಟು ಹೋಗಿ ಹೊರಸಿನ ಮ್ಯಾಲ ಬೀಳೂದೇನು?" ಸೀರೆಯಲ್ಲಿ ನೇಯ್ಗೆಯ ತಪ್ಪು ಕಂಡರೆ ಗುರುತು ಹಾಕುವ ಕೆಂಪು ಪೆನ್ಸಿಲ್ ಅವರ ಕಿವಿಯ ಮೇಲಿರುತ್ತಿತ್ತು. ಅದನ್ನು ತೆಗೆದು ಹೊರಸಿನ ಮೇಲೆ ಅಡ್ಡಡ್ಡ ಎರಡು ಗೀಟು ಎಳೆದರು.

"ಸಾಹುಕಾರ್ರ, ಅದು ಗಾಳಿ ದಿನಾ. ಆಷಾಢ ಐತಿ. ಹಡಗ ನಿಂತರ ವಿಮಾನ ಹೋಗತೈತಿ."

"ಗಾಳಿಗೆ ಹಡಗ ನಿಂತೀತೇನೋ ಮಾರಾಯ? ಹಡಗೋ, ಗಾಳಿಪಟಾನೋ?" ಅಂಗಡಿಯವರೆಲ್ಲ ನಕ್ಕರು.

ಹೊರಗೆ ಬಂದ ಮೇಲೆ ಮಾಬುಸಾಬ ನನಗೆ ಹೇಳಿದ, "ರೊಟ್ಟಿ ಮಾತ್ರ ಕಡಿಮಿ ಮಾಡಬ್ಯಾಡ. ಹೊರಸಿನ ದಿನದ್ದೂ ಹಿಡಕೊಂಡು ಹೋಗು."

ಹೋದೆವು. ದೊಡ್ಡ ಹಡಗಿನ ಹೊಟ್ಟೆಯಲ್ಲಿ ಲಾರಿಗಳು ನಿಲ್ಲುತ್ತವೆ, ಹಿಂದಿನ ಬಾಗಿಲು ಸೇತುವೆಯಂತೆ ಕೆಳಗೆ ಬೀಳುತ್ತದೆ, ಮಂದಿ ಇಳಿದು ಹತ್ತುವಷ್ಟರಲ್ಲಿ ಮತ್ತೆ ಎದ್ದುಬಿಡುತ್ತದೆ. "ಅದು ನಿಮ್ಮ ಸಲುವಾಗಿ ನಿಂದ್ರಂಗಿಲ್ಲ, ಊರ ಕಾಣೂದ್ರಾಗ ಗಂಟು ಹಿಡಕೊಂಡು ಬಾಗಲಕ್ಕ ಬಂದು ನಿಂದ್ರು" ಅಂತ ಅವನು ಹೇಳಿದ್ದ. ನಿಂತೆ. ಬಾಗಿಲು ಬಿತ್ತು. ಎದುರಿಗೆ ಬಿಳೇ ಗಾಳಿಗಿರಣಿ ಇತ್ತು. ಇನ್ನೊಂದು ದಿನ ಸಮುದ್ರದ ದಂಡೆಗೆ ಮನೆಯಿಲ್ಲದ ಬಾಗಿಲು ಇತ್ತು. ಡೆಲೋಸಿನಲ್ಲಿ ಸಿಂಹ ಇದ್ದವು, ಗಾಳಿಗೆ ಮುಖ ಸವೆದು ನಾಯಿಯಂತಾಗಿದ್ದವು. ಯಾವ ಹಡಗೂ ಅವನು ಬರೆದ ಹೊತ್ತಿಗೆ ತಪ್ಪಲಿಲ್ಲ. ನೋಡಬೇಕಾದವನು ಇಳಕಲ್ಲಿನ ಬೆಂಚಿನ ಮೇಲೆ ಕೂತಿದ್ದ. ಮೊಣಕಾಲು ನೋವಿನ ನಾನು ರೊಟ್ಟಿ ಡಬ್ಬಿ ಹೊತ್ತು ಅವನ ಸಿಂಹ ನೋಡುತ್ತಿದ್ದೆ. ಸಾಹುಕಾರರ ಹೆಂಡತಿಯ ತಮ್ಮ ಎಲ್ಲ ಕಡೆಯೂ ಬಿಸಿಲು ಅಂತ ನೆರಳು ಹುಡುಕಿ ನಿದ್ದೆ ಹೊಡೆದ.

ಸ್ಯಾಂಟೊರಿನಿಯಿಂದ ಬಂದ ಮರುದಿನ ಪರೋಸಿನಿಂದ ಅಥೆನ್ಸಿಗೆ ಮುಂಜಾನೆಯ ಹಡಗು, ಸಂಜೆಗೆ ವಿಮಾನ. ಬೆಳಗಾಗುವಷ್ಟರಲ್ಲಿ ಗಾಳಿ ಎದ್ದಿತು. ನಮ್ಮ ಆಷಾಢದ ಗಾಳಿ ಇದರ ಮುಂದೆ ಬೀಸಣಿಗೆ. ಬಂದರದಲ್ಲಿ ಒಂದು ಹಡಗೂ ಅಲುಗಲಿಲ್ಲ. ಅಲ್ಲಿನವರು ಯಾರೂ ಗಾಬರಿಯಾಗಲಿಲ್ಲ; ಕುರ್ಚಿ ಒಳಗೆ ಎಳೆದುಕೊಂಡು ಕಾಫಿ ಕುಡಿಯುತ್ತ ಕೂತರು. ಸಾಹುಕಾರರು ಟಿಕೀಟು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡಿದರು. ಎರಡು ದಿನ. ವಿಮಾನ ಹೋಯಿತು.

ಆ ಎರಡು ದಿನ ಬಂದರದ ಗೋಡೆಯ ಮರೆಗೆ ಕೂತು ಹತ್ತು ಮಂದಿ ತಿಂದದ್ದು ಹೊರಸಿನ ದಿನದ ರೊಟ್ಟಿ. ಕಡಕ್ ರೊಟ್ಟಿಗೆ ನೀರು ಚಿಮುಕಿಸಿ, ಹಿಂಡಿ ಹಚ್ಚಿ ಒಬ್ಬೊಬ್ಬರ ಕೈಗೆ ಕೊಟ್ಟೆ. ಸಾಹುಕಾರರು ಅದನ್ನು ಮುರಿಯುತ್ತ ಮುರಿಯುತ್ತಲೇ, "ಆ ಕಂಟ್ರೋಲರ್ ಸೂಳೀಮಗ ನಮ್ಮನ್ನ ಎಲ್ಲಿ ತಂದು ಒಗದಾ ನೋಡ" ಎಂದರು. ಅವನು ಅಕ್ಷರದಲ್ಲಿ ಬರೆದುಕೊಟ್ಟಿದ್ದ ದೊಡ್ಡ ಹಾಳೆಯನ್ನು ಹರಿದರು, ಗಾಳಿ ಅದನ್ನು ಸಮುದ್ರಕ್ಕೆ ಒಯ್ದಿತು. ನನ್ನ ಚಿತ್ರದ ಹಾಳೆ ಸೊಂಟದ ಚೀಲದಲ್ಲಿತ್ತು. ಯಾರಿಗೂ ಅದರ ನೆನಪು ಬರಲಿಲ್ಲ. ನನಗೆ ಬಂತು.

ನಾವು ಊರಿಗೆ ಬರುವುದಕ್ಕೆ ಮೊದಲೇ ಸುದ್ದಿ ಬಂದಿತ್ತು: ಮಾಬುಸಾಬನ ಟೈಮು ತಪ್ಪಿತು, ಹತ್ತು ಮಂದಿ ಪರದೇಶದಲ್ಲಿ ಬೀದಿಗೆ ಬಿದ್ದರು. ಅವನು ಸೀದಾ ಅಂಗಡಿಗೆ ಹೋದನಂತೆ. ನನಗೂ ಕರೆ ಬಂತು. ಹೋದೆ. ಅಂಗಡಿ ತುಂಬ ಮಂದಿ. ಅವನನ್ನು ಚಾಪೆಯ ಮೇಲೆ ಕೂಡು ಅಂತಲೂ ಯಾರೂ ಅಂದಿರಲಿಲ್ಲ, ನಿಂತೇ ಇದ್ದ.

"ಸಾಹುಕಾರ್ರ, ನಾ ಗಾಳಿಗೆ ಒಂದು ದಿನ ಬಿಟ್ಟಿದ್ದೆ. ನೀವು ತಗಸಿದ್ರಿ. ಅಷ್ಟ ಅನ್ರಿ, ಸಾಕು. ಮತ್ತೇನೂ ಬ್ಯಾಡ."

"ಯಾವ ದಿನ? ಎಲ್ಲಿ ಬಿಟ್ಟಿದ್ದಿ? ತಪ್ಪ ಮಾಡಿ ನಮ್ಮ ಮ್ಯಾಲ ಹಾಕ್ತಿಯಲೇ?"

"ನೀಲವ್ವನ ಕೇಳ್ರಿ. ಆಕಿ ಕಡೆ ಹಾಳಿ ಐತಿ."

ಸಾಹುಕಾರರು ನನ್ನ ಕಡೆ ತಿರುಗಿದರು. ಬಹಳ ಮೆತ್ತಗೆ ಕೇಳಿದರು. "ಹೇಳವಾ ನೀಲವ್ವ. ಹಾಳ್ಯಾಗ ಖಾಲಿ ದಿನಾ ಅಂತ ಏನಾರ ಬರದಿತ್ತೇನು?" ಅವರ ಕೈ ಪಕ್ಕದಲ್ಲಿದ್ದ ನೂಲಿನ ಲಡಿಯ ಮೇಲಿತ್ತು. ಬೇಕೆಂದೇ ಇಟ್ಟಿದ್ದರೋ, ಇದ್ದಲ್ಲಿ ಇತ್ತೋ, ನನಗೆ ಗೊತ್ತಿಲ್ಲ. ನಾನು ನೋಡಿದೆ.

"ನನಗ ಓದಾಕ ಬರಂಗಿಲ್ರಿ" ಅಂದೆ.

ಆ ಹಾಳೆಯಲ್ಲಿ ಓದುವುದು ಏನೂ ಇರಲಿಲ್ಲ. ಬರೀ ಚಿತ್ರ. ಅದು ನನಗೆ ಗೊತ್ತು, ಸಾಹುಕಾರರಿಗೆ ಗೊತ್ತು, ಅವನಿಗೆ ಗೊತ್ತು. ಮತ್ತು ನನಗೆ ಓದಲು ಕಲಿಸಿದವನು ಅವನು. ಮಾಬುಸಾಬ ನನ್ನ ಮುಖ ನೋಡಿದ. ಬಯ್ಯಲಿಲ್ಲ. ಕನ್ನಡಕವನ್ನೂ ಒರೆಸಲಿಲ್ಲ. ಹೋಗಿಬಿಟ್ಟ.

ಮರುದಿನ ಟಿಕೀಟುಗಳನ್ನು ಒಯ್ದು ಕೋಣೆಯಲ್ಲಿ ಕೊಟ್ಟೆ. ಕೊಡದಿದ್ದರೆ ನಡೆಯುತ್ತಿತ್ತು, ಆದರೆ ತಂದಿದ್ದೆನಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಗಿರಣಿ ಇತ್ತೇನು?" ಎಂದ. ಇತ್ತು ಅಂದೆ. "ಬಾಗಲಾ?" ಇತ್ತು ಅಂದೆ. ಹರಿಯದೆ ಉಳಿದಿದ್ದ ಒಂದು ಟಿಕೀಟನ್ನು ಮಾತ್ರ ನನಗೆ ತಿರುಗಿ ಕೊಟ್ಟ. ಗಾಳಿಗೆ ನಿಂತ ಹಡಗಿನದು. "ಇದು ಓಡಿಲ್ಲ. ಓಡದ ಗಾಡಿ ಟಿಕೀಟು ನಾ ಇಟಗೊಳ್ಳಂಗಿಲ್ಲ."

ಆಮೇಲೆ ಬೆಂಚಿಗೆ ಯಾರೂ ಹಾಳೆ ಬರೆಸಲು ಬರಲಿಲ್ಲ. ಡ್ರೈವರುಗಳು, ಹಣ್ಣಿನವರು, ಅವನ ಕೈಕೆಳಗೆ ಕೆಲಸ ಕಲಿತ ಕಂಡಕ್ಟರುಗಳು ಕೂಡ ದಾಟಿ ಹೋಗುವಾಗ ಕೂಗುತ್ತಿದ್ದರು: "ಸಾಹೇಬ್ರ, ಗ್ರೀಸ್ ಗಾಡಿ ಬಂತೇನ್ರಿ?" "ಗಾಳಿಗೆ ನಿಂತೈತಿ ಬಿಡ್ರಿ!" ಕೆಟ್ಟವರೇನಲ್ಲ, ಚಹಾ ಕುಡಿಯುತ್ತ ನಗುವುದಕ್ಕೆ ಒಂದು ಮಾತು ಬೇಕಾಗಿತ್ತು. ಮೊದಮೊದಲು ಅವನೂ ನಕ್ಕ. ಆಮೇಲೆ ಗಾಡಿಯ ಸದ್ದಿಗೆ ತಲೆ ವಾಲಿಸುವುದನ್ನು ಬಿಟ್ಟ. ಆಮೇಲೆ ಬೆಂಚಿಗೆ ಬರುವುದನ್ನೇ ಬಿಟ್ಟ.

ಮುಂದಿನ ಆಷಾಢದಲ್ಲಿ ಒಂದು ದಿನ ಬಂದ. ತಗಡು ಹಾರುವಂಥ ಗಾಳಿ. ನಾನು ತಗಡಿನ ಮೇಲೆ ಕಲ್ಲು ಹೇರುತ್ತಿದ್ದೆ. ಕೈಯಲ್ಲಿ ಒಂದು ಚೀಲ, ಮೈಮೇಲೆ ಖಾಕಿಯಲ್ಲ, ಯಾವುದೋ ಪಟ್ಟಿಯ ಅಂಗಿ. ಕಾಲಿಗೆ ಕ್ಯಾನ್ವಾಸ್ ಬೂಟು ಹಾಕಿದ್ದ. ಬಹಳ ತೆಳ್ಳಗಾಗಿದ್ದ.

"ಮಗಳ ಮನಿಗೆ ಹೊಂಟೇನಿ" ಎಂದ. ಬೆಂಚಿನ ಮೇಲೆ ಕೂತು, "ಹಾಳಿ ಐತೇನು?" ಎಂದ.

"ಐತಿ."

"ಒಮ್ಮೆ ತೋರಸ್ತಿ ಏನು ಅವರಿಗೆ? ನಾ ಇರೂದ್ರಾಗ."

"ಶಾಂತವ್ವನ ಮಗ್ಗ ಐತಿ ಸಾಹೇಬ."

"ಹೌದು. ಖರೆ ಐತಿ" ಎಂದ. ಮತ್ತೆ ಗಾಳಿಯ ಕಡೆ ಮುಖ ಮಾಡಿ ಕೂತ. ಆಮೇಲೆ ಕೇಳಿದ, "ನೀಲವ್ವ, ಬಾದಾಮಿ ಗಾಡಿ ಎಷ್ಟಕ್ಕೈತಿ?"

ಮೂವತ್ತು ವರ್ಷ ಇಡೀ ಊರಿಗೆ ಗಾಡಿಯ ಹೊತ್ತು ಹೇಳಿದ ಮನುಷ್ಯ ನನ್ನನ್ನು ಕೇಳಿದ. ಮರೆತಿದ್ದನೋ, ಹೇಳಲು ಅಂಜಿಕೆ ಹೊಕ್ಕಿತ್ತೋ, ತಿಳಿಯದು. ನಾನು ಎದ್ದು ಹೋಗಿ ಬೋರ್ಡು ಓದಿ ಬಂದೆ. "ನಾಲ್ಕು ಹತ್ತಕ್ಕ" ಅಂದೆ. ಓದಿದ್ದು ಅವನಿಗೆ ಕಾಣಿಸಿತು. ಗಾಡಿ ಬಂತು, ಹತ್ತಿದ, ಹೋದ.

ಶ್ರಾವಣ ಮುಗಿಯುವುದರೊಳಗೆ ಬಾದಾಮಿಯಲ್ಲಿ ತೀರಿದ. ಸುದ್ದಿ ನನಗೆ ಮೂರು ದಿನ ತಡವಾಗಿ, ಅದೇ ಗಾ‌ಡಿಯ ಕಂಡಕ್ಟರನ ಬಾಯಿಂದ ಬಂತು. ಮಣ್ಣಾಗಿಹೋಗಿತ್ತು.

ಹಾಳೆ ತೆಗೆದುಕೊಂಡು ಅಂಗಡಿಗೆ ಹೋದೆ. ಧೈರ್ಯ ಬಂದಿತ್ತು ಅಂತ ಅಲ್ಲ. ಇನ್ನು ತೋರಿಸಿದರೂ ಅವನಿಗೆ ಪ್ರಯೋಜನ ಇಲ್ಲ ಅಂತ ಗೊತ್ತಿದ್ದೇ ಹೋದೆ. ಗಾದಿಯ ಮೇಲೆ ಬಿಡಿಸಿಟ್ಟೆ. ಹೊರಸು, ಅದರ ಮೇಲೆ ಎರಡು ಕೆಂಪು ಗೀಟು. ಸಾಹುಕಾರರು ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಭಾಳ ಚಲೋ ಆತು ನೀಲವ್ವ! ಬರೋ ವರ್ಷ ನಮ್ಮ ಬೀಗರು ಹೊಂಟಾರ. ಆ ಹಾಳಿ ಹಿಂಗ ಹರಿದೆನಲ್ಲ ಅಂತ ಅನಕೊಳ್ಳಾಕ್ಹತ್ತಿದ್ದೆ. ಇಟ್ಟು ಹೋಗು. ಈ ಸಲ ಹೊರಸಿನ ದಿನಾ ಬಿಟ್ಟ ಹೋಗಾಕ ಹೇಳ್ತೇನಿ ಅವರಿಗೆ. ಶಾಣ್ಯಾ ಇದ್ದ ಅಂವ."

ಅಂಗಡಿಯಲ್ಲಿ ಆರೇಳು ಮಂದಿ ಸೀರೆ ಮಡಚುತ್ತಿದ್ದರು. ಅವತ್ತು ಇದ್ದವರೇ.

"ಇವರೆಲ್ಲರ ಮುಂದ ಒಂದ ಮಾತ ಅನ್ರಿ" ಅಂದೆ. "ಗೀಟು ನಾನ ಹೊಡದಿದ್ದೆ, ಮಾಬುಸಾಬಂದು ತಪ್ಪಿಲ್ಲ ಅಂತ. ಹಾಳಿ ಇಲ್ಲೇ ಬಿಟ್ಟ ಹೊಕ್ಕೇನಿ."

ಸೀರೆ ಮಡಚುವ ಕೈಗಳು ನಿಂತವು. ಸಾಹುಕಾರರು ಕಿವಿಯ ಮೇಲಿನ ಪೆನ್ಸಿಲ್ ತೆಗೆದರು, ಮತ್ತೆ ಇಟ್ಟರು. "ಸತ್ತವಗ ಏನು ಕೇಳಸತೈತಿ ಬೇ? ಮಗಳ ಮಗ್ಗ ನಡದೈತಿಲ್ಲೋ, ಅದನ್ನ ನೋಡಕೋ."

ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ.

ಆ ವಾರ ಶಾಂತವ್ವನಿಗೆ ನೂಲು ಬರಲಿಲ್ಲ. ಯಾವ ಮಾತಿಗೆ ಅಂಜಿ ನಾನು ಒಬ್ಬ ಮನುಷ್ಯನನ್ನು ಮಂದಿಯ ನಡುವೆ ನಿಂತಲ್ಲೇ ಬಿಟ್ಟುಬಿಟ್ಟಿದ್ದೆನೋ ಅದೇ ಆಯಿತು. ಮಗಳು ಅತ್ತಳು, ಬೈದಳು, ಹಿಂದಿನ ಓಣಿಯ ಇನ್ನೊಬ್ಬ ಸಾಹುಕಾರನ ಬಾಗಿಲಿಗೆ ಹೋಗಿ ಕೇಳಿದಳು. ಅವನು ಕೈಗೆಲಸ ನೋಡಿ ನೂಲು ಕೊಟ್ಟ.

ಮಗ್ಗ ನಿಂತದ್ದು ಎಂಟು ದಿನ. ಎಂಟೇ ದಿನ.